ವೈದ್ಯ ಹೇಳಿದ್ದು ಹಾಲು ಅನ್ನವಲ್ಲದಿದ್ದಾಗ

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆ ನಮಗೆಲ್ಲ ಗೊತ್ತು. ಬಯಸಿದ್ದೇ ಕೈಗೆ ಸಿಕ್ಕಾಗ ಈ ಮಾತು ಆಡುತ್ತೇವೆ. ಆದರೆ ದವಾಖಾನೆಯ ಮೇಜಿನ ಈ ಕಡೆ ಕುಳಿತವರ ಅನುಭವ ಬೇರೆ. ರೋಗಿ ಬಯಸಿದ್ದು ಹಾಲು ಅನ್ನವಾದರೆ, ವೈದ್ಯ ಹೇಳಬೇಕಾಗಿ ಬರುವುದು ಹೆಚ್ಚಿನ ಸಲ ಗಂಜಿಯನ್ನು. ಕೆಲವೊಮ್ಮೆ ಕಟ್ಟುನಿಟ್ಟಿನ ಪಥ್ಯವನ್ನು. ಇನ್ನು ಕೆಲವೊಮ್ಮೆ ‘ಇದಕ್ಕೆ ನನ್ನಲ್ಲಿ ಮದ್ದಿಲ್ಲ, ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ’ ಎಂಬ ಮಾತನ್ನು.

ಪ್ರತಿ ವರ್ಷ ಜುಲೈ 1ರಂದು ದೇಶದಲ್ಲಿ ವೈದ್ಯರ ದಿನ ಆಚರಿಸುತ್ತಾರೆ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯೂ ಹೆಸರಾಂತ ವೈದ್ಯರೂ ಆಗಿದ್ದ ಡಾ. ಬಿ.ಸಿ. ರಾಯ್ 1882ರಲ್ಲಿ ಹುಟ್ಟಿದ್ದೂ 1962ರಲ್ಲಿ ತೀರಿಕೊಂಡದ್ದೂ ಅದೇ ದಿನ. 1991ರಿಂದ ಈ ಆಚರಣೆ ನಡೆದುಬಂದಿದೆ. ಯುನಾನಿ ವೈದ್ಯರಾದ ನಮಗೆ ಇನ್ನೊಂದು ದಿನವೂ ಇದೆ: ಹಕೀಂ ಅಜ್ಮಲ್ ಖಾನರ ಜನ್ಮದಿನವಾದ ಫೆಬ್ರವರಿ 11. ಈ ಎರಡೂ ದಿನ ನನ್ನ ಮೊಬೈಲಿಗೆ ಹೂವಿನ ಚಿತ್ರಗಳು, ಶುಭಾಶಯಗಳು ತುಂಬಾ ಬರುತ್ತವೆ. ಕಳಿಸಿದವರ ಪ್ರೀತಿ ದೊಡ್ಡದು. ಆದರೆ ಓದುಗರೇ, ವೈದ್ಯರ ಮೇಲಿನ ನಮ್ಮ ಗೌರವದ ಪರೀಕ್ಷೆ ನಡೆಯುವುದು ಆ ದಿನಗಳಲ್ಲಲ್ಲ. ನಾವು ಕೇಳಿದ್ದಕ್ಕೆ ವೈದ್ಯರು ‘ಬೇಡ’ ಎಂದ ದಿನ ಅದರ ಪರೀಕ್ಷೆಯಾಗುತ್ತದೆ. ಅವತ್ತು ನಾವು ಹೇಗೆ ನಡೆದುಕೊಂಡೆವು ಎಂಬುದೇ ಗೌರವದ ಅಳತೆ ಎಂಬುದು ನನ್ನ ಅಭಿಪ್ರಾಯ.

ಕೈಗುಣ ಎಂದರೇನು?

ನಮ್ಮ ಜನರು ವೈದ್ಯರನ್ನು ಹೊಗಳುವುದು ‘ಅವರ ಕೈಗುಣ ಚಲೋ ಐತಿ’ ಎಂದು. ಉರ್ದು ಮಾತನಾಡುವ ಮನೆಗಳಲ್ಲಿ ‘ಅವರ ಕೈಯಲ್ಲಿ ಶಿಫಾ ಇದೆ’ ಎನ್ನುತ್ತಾರೆ. ಕೇಳಲು ಇಂಪಾದ ಮಾತು. ಆದರೆ ಕೈಗುಣವನ್ನು ಜನ ಅಳೆಯುವುದು ಹೇಗೆ? ಮದ್ದು ತಿಂದ ಸಂಜೆಯೇ ಜ್ವರ ಇಳಿಯಿತೇ, ಮರುದಿನವೇ ಮಂಡಿನೋವು ಹೋಯಿತೇ ಎಂದು. ಬೇಗ ಇಳಿಸಿದವರ ಕೈಗುಣ ಒಳ್ಳೆಯದು, ಕಾಯಿಸಿದವರದು ಅಷ್ಟಕ್ಕಷ್ಟೆ. ಈ ಅಳತೆಗೋಲು ತಪ್ಪು. ಬೇಗ ಇಳಿಸುವುದು ಕಷ್ಟವಲ್ಲ. ಹಾನಿ ಮಾಡದೆ ಇಳಿಸುವುದು ಕಷ್ಟ.

ಮಳೆಗಾಲ ಶುರುವಾದರೆ ನೆಗಡಿ, ಗಂಟಲುನೋವು, ಮೈಕೈ ನೋವು, ಜ್ವರ ಎಂದು ಜನ ಬರುತ್ತಾರೆ. ‘ಹಕೀಂ ಸಾಹೇಬ್ರ, ಒಂದ್ ಸೂಜಿ ಹಾಕ್ರಿ, ನಾಳಿ ಕೆಲಸಕ್ಕ ಹೋಗ್ಬೇಕು’ ಎನ್ನುತ್ತಾರೆ. ಕೂಲಿ ಮಾಡುವವನಿಗೆ ಒಂದು ದಿನದ ಸಂಬಳ ಎಂದರೆ ಮನೆಯ ಒಲೆ. ಅವನ ಅವಸರ ನನಗೆ ಅರ್ಥವಾಗುತ್ತದೆ. ಆದರೆ ನಾನು ಓದಿದ್ದು ಯುನಾನಿ, ಸೂಜಿ ನನ್ನ ಮದ್ದಲ್ಲ. ಅದು ಒತ್ತಟ್ಟಿಗಿರಲಿ, ಇಂಥ ಸಾಮಾನ್ಯ ನೆಗಡಿ-ಜ್ವರಗಳಲ್ಲಿ ಹೆಚ್ಚಿನವು ವೈರಸ್ಸಿನಿಂದ ಬರುವಂಥವು. ಆ್ಯಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ವೈರಸ್ಸನ್ನಲ್ಲ. ಬೇಡದ ಕಡೆ ಅದನ್ನು ತಿಂದರೆ ಈಗಿನ ಜ್ವರಕ್ಕೆ ಲಾಭವಿಲ್ಲ, ಮುಂದೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡದೆ ಹೋಗಬಹುದು. ಇದೇ ಕಾರಣಕ್ಕೆ ಸರ್ಕಾರ 2014ರ ಮಾರ್ಚ್‌ನಿಂದ ಕೆಲವು ಪ್ರಬಲ ಆ್ಯಂಟಿಬಯಾಟಿಕ್‌ಗಳನ್ನು ‘ಶೆಡ್ಯೂಲ್ ಎಚ್1’ ಎಂಬ ಪಟ್ಟಿಗೆ ಸೇರಿಸಿತು. ಮದ್ದಿನಂಗಡಿಯವರು ವೈದ್ಯರ ಚೀಟಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡೇ ಅವನ್ನು ಮಾರಬೇಕು. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಕಂಡರೆ, ಅದು ಚೀಟಿಯಿಲ್ಲದೆ ಕೊಳ್ಳುವ ಮಾತ್ರೆಯಲ್ಲ ಎಂದು ತಿಳಿಯಿರಿ.

ಹೀಗೆ ತಿಳಿಹೇಳಲು ಹತ್ತು ನಿಮಿಷ ಬೇಕು. ಸೂಜಿ ಚುಚ್ಚಲು ಒಂದು ನಿಮಿಷ ಸಾಕು. ಹತ್ತು ನಿಮಿಷ ಕೊಟ್ಟ ವೈದ್ಯನಿಗೆ ಸಿಗುವುದು ‘ಇವರಿಗೇನೂ ಬರಲ್ಲ’ ಎಂಬ ಹೆಸರು. ಒಂದು ನಿಮಿಷದವನಿಗೆ ‘ಕೈಗುಣ ಚಲೋ ಐತಿ’ ಎಂಬ ಹೊಗಳಿಕೆ, ಜೊತೆಗೆ ಹೆಚ್ಚಿನ ಫೀಸು. ಓದಿ ಹೊರಬಂದ ಎಷ್ಟೋ ಯುವ ವೈದ್ಯರು ಮೊದಲ ವರ್ಷದಲ್ಲೇ ಈ ಕವಲುದಾರಿಗೆ ಬಂದು ನಿಲ್ಲುತ್ತಾರೆ. ‘ಬೇಡ’ ಎನ್ನುವವನ ದವಾಖಾನೆ ಖಾಲಿ ಇರುತ್ತದೆ, ಬಾಡಿಗೆ ಮಾತ್ರ ತಿಂಗಳ ಮೊದಲ ವಾರವೇ ಕಟ್ಟಬೇಕು. ಅವರು ಯಾವ ದಾರಿ ಹಿಡಿಯುತ್ತಾರೆ ಎಂಬುದನ್ನು ಅರ್ಧದಷ್ಟು ತೀರ್ಮಾನಿಸುವವರು ರೋಗಿಗಳಾದ ನಾವೇ.

ಯುನಾನಿ ವೈದ್ಯನ ‘ಬೇಡ’

ನಮ್ಮ ಬಿ.ಯು.ಎಂ.ಎಸ್. ಪದವಿ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಅದರಲ್ಲಿ ಮಿಝಾಜ್, ಅಖ್ಲಾತ್, ನಬ್ಝ್‌ಗಳ ಜೊತೆಗೆ ಶರೀರರಚನೆ, ರೋಗಲಕ್ಷಣ, ವಿಷವಿಜ್ಞಾನಗಳನ್ನೂ ಕಲಿಯುತ್ತೇವೆ. ಬೆಂಗಳೂರಿನ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯುನಾನಿ ಸಂಸ್ಥೆಯಲ್ಲಿ ಸ್ನಾತಕೋತ್ತರ ಓದು, ಸಂಶೋಧನೆಗಳೂ ನಡೆಯುತ್ತಿವೆ. ಈ ಪದ್ಧತಿಯ ಮೇಲೆ ನನಗೆ ನಂಬಿಕೆಯಿದೆ, ಅಭಿಮಾನವಿದೆ. ಹಾಗೆಂದೇ ಅದರ ಎಲ್ಲೆಯನ್ನೂ ಹೇಳಬೇಕಾದವನು ನಾನೇ.

ನಮ್ಮಲ್ಲಿಗೆ ಬರುವ ಕೆಲವರು ಚೀಲದಿಂದ ಇನ್ಸುಲಿನ್ ತೆಗೆದು ಮೇಜಿನ ಮೇಲಿಟ್ಟು, ‘ಇದನ್ನ ಬಿಡಿಸ್ರಿ ಸಾಹೇಬ್ರ, ನಿಮ್ಮ ಮದ್ದೇ ಕೊಡ್ರಿ, ಅದಕ್ಕ ಸೈಡ್ ಎಫೆಕ್ಟ್ ಇಲ್ಲಲ್ಲ’ ಎನ್ನುತ್ತಾರೆ. ಇದು ನಂಬಿಕೆಯ ಮಾತು, ಕೇಳಿದವನಿಗೆ ಹೆಮ್ಮೆ ಎನಿಸಬಹುದು. ಆದರೂ ‘ಬೇಡ’ ಎನ್ನಲೇಬೇಕು. ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ. ಅದಕ್ಕೆ ಮೊದಲು ಟೈಪ್ 1 ಮಧುಮೇಹ ಬಂದ ಮಕ್ಕಳು ಉಳಿಯುತ್ತಿರಲಿಲ್ಲ. ಇನ್ಸುಲಿನ್ ಬೇಕೇಬೇಕಾದ ರೋಗಿಗೆ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು ಬರಬಹುದು. ಊಟದ ಕ್ರಮ, ನಡಿಗೆ, ನಿದ್ದೆ, ತೂಕ ಇಳಿಸುವುದು ಇವುಗಳಲ್ಲಿ ಯುನಾನಿ ವೈದ್ಯ ಧಾರಾಳ ನೆರವಾಗಬಲ್ಲ. ಇನ್ಸುಲಿನ್ ಬಿಡಿಸುವುದಾಗಿ ಮಾತು ಕೊಡಬಾರದು. ಮಧುಮೇಹ, ಕ್ಯಾನ್ಸರ್ ಮುಂತಾದ ರೋಗಗಳನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದ ಕಾನೂನು 1954ರಲ್ಲೇ ನಿಷೇಧಿಸಿದೆ. ಗೋಡೆಯ ಮೇಲೆ, ಮೊಬೈಲಿನಲ್ಲಿ ಅಂಥ ಜಾಹೀರಾತು ಕಂಡರೆ, ಅದರಲ್ಲಿ ‘ಹಕೀಂ’ ಎಂಬ ಪದವಿದ್ದರೂ ನಂಬಬೇಡಿ.

‘ಸೈಡ್ ಎಫೆಕ್ಟ್ ಇಲ್ಲ’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡೋಣ. ಮಾಜೂನ್, ಖಮೀರಾ, ಶರ್ಬತ್ ಇವು ಸಾಮಾನ್ಯವಾಗಿ ಸಕ್ಕರೆ ಅಥವಾ ಜೇನಿನ ಪಾಕದಲ್ಲೇ ತಯಾರಾಗುತ್ತವೆ. ಸಕ್ಕರೆ ಕಾಯಿಲೆ ಇರುವುದನ್ನು ಮುಚ್ಚಿಟ್ಟು ಇವನ್ನು ಚಮಚಗಟ್ಟಲೆ ತಿಂದರೆ ಏನಾದೀತು? ಕುಷ್ತಾಗಳು ಲೋಹ, ಖನಿಜಗಳನ್ನು ಸುಟ್ಟು ಮಾಡುವಂಥವು. ಕ್ರಮ ತಪ್ಪಿ ತಯಾರಿಸಿದ, ಲೇಬಲ್ಲಿಲ್ಲದ ಕುಷ್ತಾ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಮಂಡಿನೋವಿನ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸುವುದುಂಟು. ತಿಂದ ಮೂರು ದಿನದಲ್ಲಿ ನೋವು ಮಾಯ, ಮೂರು ತಿಂಗಳಲ್ಲಿ ಮುಖ ಊದಿ, ಸಕ್ಕರೆ ಏರಿ, ಮೂಳೆ ಟೊಳ್ಳಾಗುವ ದಾರಿ. ಹಿಜಾಮಾಕ್ಕೆ ಬರುವವರು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿರುವುದನ್ನು ಹೇಳದಿದ್ದರೆ ರಕ್ತ ನಿಲ್ಲುವುದೇ ಕಷ್ಟ. ಪರಿಣಾಮವಿರುವ ಯಾವ ಮದ್ದಿಗೂ ಅಡ್ಡಪರಿಣಾಮ ಇದ್ದೀತು. ಹಾಗಾಗಿ ಲೈಸೆನ್ಸ್ ಸಂಖ್ಯೆ, ತಯಾರಕರ ಹೆಸರು, ತಾರೀಖು ಇಲ್ಲದ ಪೊಟ್ಟಣವನ್ನು ಯಾರು ಕೊಟ್ಟರೂ ತಿನ್ನಬೇಡಿ.

ಕ್ಷಯದ ವಿಷಯವೂ ಹೀಗೆಯೇ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಂತು, ಹಸಿವು ಹುಟ್ಟಿ, ಮೈ ತುಂಬಿಕೊಳ್ಳುತ್ತದೆ. ಆಗ ‘ಮಾತ್ರೆ ಬಹಳ ಉಷ್ಣ, ಅದನ್ನ ನಿಲ್ಲಿಸಿ ಬಲಕ್ಕ ಏನಾದ್ರೂ ಕೊಡ್ರಿ’ ಎಂದು ನಮ್ಮ ಬಳಿ ಬರುತ್ತಾರೆ. ನಡುವೆ ನಿಲ್ಲಿಸಿದರೆ ಉಳಿದ ರೋಗಾಣುಗಳು ಮದ್ದಿಗೆ ಜಗ್ಗದಂತಾಗಿ, ಮುಂದಿನ ಚಿಕಿತ್ಸೆ ಇನ್ನೂ ಕಷ್ಟವಾಗುತ್ತದೆ. ಮನೆಮಂದಿಗೂ ಅದೇ ಹಠಮಾರಿ ರೋಗ ಹರಡುತ್ತದೆ. ಅಂಥವರಿಗೆ ನಾನು ಹೇಳುವುದು ಎರಡೇ ಮಾತು: ಮಾತ್ರೆ ಮುಗಿಸಿ, ಮತ್ತು ಸರ್ಕಾರ ಪೌಷ್ಟಿಕ ಆಹಾರಕ್ಕೆಂದು ಕೊಡುವ ತಿಂಗಳ ನೆರವು ನಿಮ್ಮ ಖಾತೆಗೆ ಬರುತ್ತಿದೆಯೇ ನೋಡಿ. 2018ರಲ್ಲಿ 500 ರೂಪಾಯಿಯಿಂದ ಶುರುವಾದ ಈ ನೆರವು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಎರಡು ವಾರ ದಾಟಿದ ಕೆಮ್ಮಿದ್ದರೆ ಜೋಶಾಂದಾ ಕುಡಿಯುತ್ತ ಕೂರಬೇಡಿ, ಮೊದಲು ಕಫ ಪರೀಕ್ಷೆ ಮಾಡಿಸಿ.

ನಮ್ಮ ತಿಬ್ಬ್ ಪರಂಪರೆಯ ಹಿರಿಯರು ಎಲ್ಲಕ್ಕೂ ನಮ್ಮಲ್ಲೇ ಮದ್ದಿದೆ ಎಂದು ಬಾಗಿಲು ಹಾಕಿಕೊಂಡವರಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅರ್ರಾಝಿ ಅವರು ಸಿಡುಬನ್ನೂ ದಡಾರವನ್ನೂ ಬೇರೆಬೇರೆ ರೋಗಗಳೆಂದು ವಿವರಿಸಿ ಪುಸ್ತಕ ಬರೆದರು. ಮದ್ದಿಗೆ ಮೊದಲು ರೋಗ ಯಾವುದೆಂದು ತಿಳಿಯಬೇಕು ಎಂಬ ಶಿಸ್ತು ಅದು. ಹಕೀಂ ಅಜ್ಮಲ್ ಖಾನರು ದೆಹಲಿಯಲ್ಲಿ ಕಟ್ಟಿದ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ಯುನಾನಿ, ಆಯುರ್ವೇದ ಎರಡನ್ನೂ ಕಲಿಸುವ ಕಾಲೇಜು ಅದು. ಹಳೆಯ ಮದ್ದುಗಳನ್ನು ಆಧುನಿಕ ರಸಾಯನಶಾಸ್ತ್ರದ ಒರೆಗೆ ಹಚ್ಚಬೇಕೆಂದು ಅವರು ಯುವ ವಿಜ್ಞಾನಿ ಸಲೀಮುಝ್ಝಮಾನ್ ಸಿದ್ದೀಕಿ ಅವರನ್ನು ಕರೆಸಿದರು. ಸಿದ್ದೀಕಿ ಅವರು ಸರ್ಪಗಂಧಿಯ ಬೇರಿನಿಂದ ಬೇರ್ಪಡಿಸಿದ, ಹೃದಯದ ಬಡಿತಕ್ಕೆ ಸಂಬಂಧಿಸಿದ ಒಂದು ದ್ರವ್ಯಕ್ಕೆ ‘ಅಜ್ಮಲೈನ್’ ಎಂದೇ ಹೆಸರಿಟ್ಟರು. ಪರೀಕ್ಷೆಗೆ ಹೆದರದ ಮನಸ್ಸು ಅವರದು. ‘ನಿಮ್ಮ ರಿಪೋರ್ಟ್ ತನ್ನಿ’ ಎಂದು ಕೇಳುವ ಯುನಾನಿ ವೈದ್ಯ ಆ ಪರಂಪರೆಯ ಮಗ. ‘ರಿಪೋರ್ಟ್ ಯಾಕೆ, ನಾಡಿ ಸಾಕು’ ಎಂದು ಎಲ್ಲರಿಗೂ ಹೇಳುವವನಲ್ಲ.

ರಮಝಾನಿನ ಮುಂಚಿನ ಮಾತು

ನನ್ನ ಮಟ್ಟಿಗೆ ಅತ್ಯಂತ ಕಷ್ಟದ ‘ಬೇಡ’ ಇದು. ಮೂವತ್ತು-ನಲವತ್ತು ವರ್ಷ ಒಂದೂ ಉಪವಾಸ ತಪ್ಪಿಸದ ಹಿರಿಯ ತಾಯಿಗೆ, ಮೂತ್ರಪಿಂಡ ಸೋತಿರುವಾಗ, ಸಕ್ಕರೆ ಒಮ್ಮೆ ಏರಿ ಒಮ್ಮೆ ಕುಸಿಯುತ್ತಿರುವಾಗ, ‘ಅಮ್ಮಾ, ಈ ವರ್ಷ ಬೇಡ’ ಎನ್ನಬೇಕು. ಅವರ ಕಣ್ಣು ತುಂಬುತ್ತದೆ. ‘ನಮ್ಮವರೇ ಆಗಿ ಹೀಗೆ ಹೇಳ್ತೀರಲ್ಲ’ ಎನ್ನುತ್ತಾರೆ ಕೆಲವರು. ರೋಗಿಗೂ ಪ್ರಯಾಣಿಕನಿಗೂ ರಿಯಾಯಿತಿ ಇರುವುದು ಅವರಿಗೆ ಗೊತ್ತು. ಆದರೂ ಅದು ತಮಗೆ ಅನ್ವಯಿಸುತ್ತದೆಂದು ಒಪ್ಪಲು ಮನಸ್ಸು ಬಾರದು. ಹೇಳದೆ ಕದ್ದು ಉಪವಾಸ ಹಿಡಿದು, ಅಸರ್ ಹೊತ್ತಿಗೆ ತಲೆಸುತ್ತಿ ಬಿದ್ದವರನ್ನು ಮನೆಯವರು ಹೊತ್ತು ತರುವುದೂ ಉಂಟು.

ಇಲ್ಲಿ ವೈದ್ಯನಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಬೇಗ ಬರುವುದು. ರಮಝಾನಿಗೆ ಒಂದೂವರೆ-ಎರಡು ತಿಂಗಳು ಮೊದಲೇ ಬಂದರೆ ಪರೀಕ್ಷೆ ಮಾಡಿಸಿ, ಮಾತ್ರೆಯ ಹೊತ್ತು ಬದಲಿಸಿ, ಉಪವಾಸ ಸಾಧ್ಯವೇ ಎಂದು ನಿಧಾನವಾಗಿ ತೀರ್ಮಾನಿಸಬಹುದು. ಎಷ್ಟೋ ಜನರಿಗೆ ‘ಹಿಡಿಯಬಹುದು, ಆದರೆ ಹೀಗೆ’ ಎನ್ನಲು ಸಾಧ್ಯವಾಗುತ್ತದೆ. ಚಂದ್ರ ಕಂಡ ರಾತ್ರಿ ಬಂದರೆ ‘ಬೇಡ’ ಒಂದೇ ಉಳಿಯುತ್ತದೆ. ಉಪವಾಸದಲ್ಲಿರುವಾಗ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಕೂಡಲೇ ಉಪವಾಸ ಬಿಡಬೇಕು, ಇಫ್ತಾರಿಗೆ ಇನ್ನು ಅರ್ಧ ಗಂಟೆಯಷ್ಟೇ ಉಳಿದಿದ್ದರೂ. ಬೆರಳು ಚುಚ್ಚಿ ಸಕ್ಕರೆ ನೋಡುವುದರಿಂದ ಉಪವಾಸ ಮುರಿಯದು ಎಂದು ವಿದ್ವಾಂಸರು ತಿಳಿಸಿದ್ದಾರೆ. ಸಂಶಯವಿದ್ದರೆ ನಿಮ್ಮ ಮಸೀದಿಯ ಮೌಲಾನಾರನ್ನು ಕೇಳಿ. ಆದರೆ ಅವರಿಗೆ ನಿಮ್ಮ ವೈದ್ಯರು ಹೇಳಿದ್ದನ್ನು ಮುಚ್ಚಿಡದೆ ಹೇಳಿ ಕೇಳಿ.

ವೈದ್ಯನಿಗೂ ಮೈಯಿದೆ

ಯುನಾನಿಯಲ್ಲಿ ಆರೋಗ್ಯಕ್ಕೆ ಆರು ಅಗತ್ಯಗಳಿವೆ ಎನ್ನುತ್ತೇವೆ. ಅಸ್ಬಾಬೆ ಸಿತ್ತಾ ಝರೂರಿಯಾ: ಗಾಳಿ; ಅನ್ನ-ನೀರು; ದೇಹದ ಚಲನೆ ಮತ್ತು ವಿಶ್ರಾಂತಿ; ಮನಸ್ಸಿನ ಚಲನೆ ಮತ್ತು ವಿಶ್ರಾಂತಿ; ನಿದ್ದೆ ಮತ್ತು ಎಚ್ಚರ; ದೇಹದಲ್ಲಿ ಉಳಿಯಬೇಕಾದದ್ದು ಉಳಿದು, ಹೊರಹೋಗಬೇಕಾದದ್ದು ಹೋಗುವುದು. ಈ ಆರನ್ನು ದಿನವೂ ರೋಗಿಗಳಿಗೆ ಬೋಧಿಸುವ ವೈದ್ಯ ತನ್ನ ಮೈಗೆ ಅದನ್ನು ಅನ್ವಯಿಸಿಕೊಂಡರೆ ನಗು ಬರುತ್ತದೆ. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ. ಮೂತ್ರಕ್ಕೆ ಎದ್ದು ಹೋಗಲೂ ‘ಇನ್ನೊಬ್ಬರನ್ನ ನೋಡಿ ಹೋಗ್ರಿ’ ಎಂಬ ಒತ್ತಾಯ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಲಿಯುತ್ತಲೇ ದುಡಿಯುವ ಕಿರಿಯ ವೈದ್ಯರಿಗೆ 24 ಗಂಟೆ, 36 ಗಂಟೆಗಳ ಸತತ ಪಾಳಿ ಹೊಸದಲ್ಲ. ನಿದ್ದೆಗೆಟ್ಟ ಡ್ರೈವರ್ ಓಡಿಸುವ ಬಸ್ಸನ್ನು ನಾವು ಹತ್ತುವುದಿಲ್ಲ. ನಿದ್ದೆಗೆಟ್ಟ ವೈದ್ಯರು ಹೊಲಿಗೆ ಹಾಕುವಾಗ ಮಾತ್ರ ಅದನ್ನು ಸಹಜ ಎಂದುಕೊಳ್ಳುತ್ತೇವೆ.

ನಾಲ್ಕನೆಯದು, ಮನಸ್ಸಿನ ವಿಶ್ರಾಂತಿ, ಎಲ್ಲಕ್ಕಿಂತ ದುಬಾರಿ. ಬೆಳಿಗ್ಗೆ ಒಬ್ಬರಿಗೆ ‘ಇದು ಕ್ಯಾನ್ಸರ್ ಇರಬಹುದು, ಪರೀಕ್ಷೆಗೆ ಕಳಿಸುತ್ತೇನೆ’ ಎಂದು ಹೇಳಿ, ಮುಂದಿನ ಐದು ನಿಮಿಷಕ್ಕೆ ಮತ್ತೊಬ್ಬರ ಅಜೀರ್ಣದ ಕಥೆಯನ್ನು ನಗುಮುಖದಿಂದ ಕೇಳಬೇಕು. ಮನೆಗೆ ಬಂದರೂ ಆ ಮೊದಲನೆಯವರ ಮುಖ ಊಟದ ತಟ್ಟೆಯ ಮುಂದೆ ನಿಂತಿರುತ್ತದೆ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ರಿಪೋರ್ಟ್‌ನ ಫೋಟೊ, ‘ಏನಿದೆ ನೋಡಿ’ ಎಂಬ ಒಂದು ಸಾಲು. ಉತ್ತರಿಸದಿದ್ದರೆ ಬೆಳಿಗ್ಗೆ ಅಸಮಾಧಾನ. ಮದುವೆ ಮನೆಯಲ್ಲಿ ಬಿರಿಯಾನಿ ತಟ್ಟೆ ಹಿಡಿದು ನಿಂತಾಗ ಮೊಣಕಾಲು ತೋರಿಸುವವರಿಗೆ ಏನು ಹೇಳೋಣ!

ಇವನ್ನೆಲ್ಲ ನಕ್ಕು ಸಹಿಸಬಹುದು. ಆದರೆ ಕೈ ಎತ್ತುವುದನ್ನು ಸಹಿಸಲಾಗದು. 2023ರ ಮೇ 10ರಂದು ಕೇರಳದ ಕೊಟ್ಟಾರಕ್ಕರ ತಾಲೂಕು ಆಸ್ಪತ್ರೆಯಲ್ಲಿ ಯುವ ವೈದ್ಯೆ ಡಾ. ವಂದನಾ ದಾಸ್, ಚಿಕಿತ್ಸೆಗೆಂದು ಪೊಲೀಸರು ಕರೆತಂದಿದ್ದ ವ್ಯಕ್ತಿಯ ಇರಿತಕ್ಕೆ ಬಲಿಯಾದರು. 2024ರ ಆಗಸ್ಟ್ 9ರಂದು ಕೋಲ್ಕತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ವೈದ್ಯೆಯ ಅತ್ಯಾಚಾರ, ಕೊಲೆ ದೇಶವನ್ನೇ ಬೀದಿಗಿಳಿಸಿತು. ಇವು ಸುದ್ದಿಯಾದವು. ಸುದ್ದಿಯಾಗದ ಬೈಗುಳ, ಕಾಲರ್ ಹಿಡಿಯುವುದು, ಗಾಜು ಒಡೆಯುವುದು ತಾಲೂಕು ಊರುಗಳಲ್ಲೂ ನಡೆಯುತ್ತಿವೆ. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಲ್ಲೇ ಕಾನೂನು ಬಂದಿದೆ. ಆದರೆ ವಾರ್ಡಿನಲ್ಲಿ ಗುಂಪು ಸೇರಿದ ಕ್ಷಣದಲ್ಲಿ ತಡೆಯಬೇಕಾದವರು ಅಲ್ಲಿ ನಿಂತ ಹಿರಿಯರು.

ಇಲ್ಲಿ ನಮ್ಮ ಸಮುದಾಯಕ್ಕೊಂದು ಪ್ರತ್ಯೇಕ ಮಾತು. ರೋಗಿಯನ್ನು ನೋಡಲು ಹೋಗುವುದು, ಇಯಾದತ್, ನಮ್ಮಲ್ಲಿ ಪುಣ್ಯದ ಕೆಲಸ. ಆ ಪುಣ್ಯಕ್ಕೆಂದು ಐಸಿಯು ಬಾಗಿಲಲ್ಲಿ ಮೂವತ್ತು ಜನ ಸೇರಿದರೆ, ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ಸಿಟ್ಟು ಹುಟ್ಟುವುದು ಆ ಗೊಂದಲದಲ್ಲೇ. 9ನೇ ಶತಮಾನದಲ್ಲಿ ಇಸ್‌ಹಾಕ್ ಬಿನ್ ಅಲಿ ಅರ್ರುಹಾವಿ ಎಂಬ ವೈದ್ಯರು ‘ಅದಬುತ್ತಬೀಬ್’ ಎಂಬ ಅರಬಿ ಗ್ರಂಥ ಬರೆದರು. ವೈದ್ಯನ ನಡತೆ ಹೇಗಿರಬೇಕು ಎಂಬುದರ ಜೊತೆಗೆ ರೋಗಿ ಹೇಗೆ ನಡೆದುಕೊಳ್ಳಬೇಕು, ನೋಡಲು ಬರುವವರು ಹೇಗಿರಬೇಕು ಎಂಬುದನ್ನೂ ಅದು ಚರ್ಚಿಸುತ್ತದೆ. ಅಂದರೆ ಅದಬು ಎರಡೂ ಕಡೆಯದು ಎಂಬುದು ನಮಗೆ ಹೊಸ ಪಾಠವೇನಲ್ಲ, ಮರೆತ ಪಾಠ.

ಹಾಗಾದರೆ ವೈದ್ಯರದೇನೂ ತಪ್ಪಿಲ್ಲವೇ?

ಇದೆ. ನೀವು ಮನಸ್ಸಿನಲ್ಲಿ ಕೇಳುತ್ತಿರುವ ಪ್ರಶ್ನೆ ನನಗೆ ಗೊತ್ತು. ‘ಮುಖ ಎತ್ತಿ ನೋಡದೆ ಚೀಟಿ ಬರೆಯುವವರಿಲ್ಲವೇ? ಬೇಡದ ಸ್ಕ್ಯಾನ್ ಮಾಡಿಸಿ ಲ್ಯಾಬಿನಿಂದ ಕಮಿಷನ್ ಪಡೆಯುವವರಿಲ್ಲವೇ? ಬಿಲ್ ನೋಡಿ ಮನೆ ಪತ್ರ ಅಡವಿಟ್ಟವರಿಲ್ಲವೇ?’ ಇದ್ದಾರೆ. ಅಂಥವರನ್ನು ವೈದ್ಯರೆಂಬ ಕಾರಣಕ್ಕೆ ಸಮರ್ಥಿಸುವುದು ನನ್ನ ಉದ್ದೇಶವಲ್ಲ. ‘ವೈದ್ಯೋ ನಾರಾಯಣೋ ಹರಿಃ’ ಎಂಬ ಮಾತು ಈ ನಾಡಿನಲ್ಲಿ ಹಳೆಯದು. ನನಗೆ ಅದರಲ್ಲಿ ಒಂದು ಅಪಾಯ ಕಾಣುತ್ತದೆ. ವೈದ್ಯನನ್ನು ದೇವರ ಜಾಗದಲ್ಲಿ ಕೂರಿಸಿದರೆ, ರೋಗಿ ಉಳಿಯದ ದಿನ ಅವನು ಸೈತಾನನಾಗುತ್ತಾನೆ. ಗುಣ ಕೊಡುವವನು ಮೇಲಿನವನು ಎಂದು ನಂಬುವ ನಾವು ವೈದ್ಯನನ್ನು ಮನುಷ್ಯನ ಜಾಗದಲ್ಲೇ ಇಡೋಣ. ಮನುಷ್ಯನನ್ನು ಪ್ರಶ್ನಿಸಬಹುದು. ‘ಈ ಪರೀಕ್ಷೆ ಯಾಕೆ? ಮಾಡಿಸದಿದ್ದರೆ ಏನಾಗುತ್ತದೆ? ಇದಕ್ಕಿಂತ ಕಡಿಮೆ ಬೆಲೆಯ ಮದ್ದಿದೆಯೇ?’ ಎಂದು ಕೇಳುವುದು ಅಗೌರವವಲ್ಲ. ಒಳ್ಳೆಯ ವೈದ್ಯರಿಗೆ ಆ ಪ್ರಶ್ನೆ ಬೇಸರ ತರುವುದಿಲ್ಲ. ಬೇಸರ ಮಾಡಿಕೊಳ್ಳುವವರಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯುವ ಹಕ್ಕು ನಿಮಗಿದೆ.

ಒಂದು ಸೂಕ್ಷ್ಮ ಮಾತ್ರ ನೆನಪಿಡಿ. ಲಾಭಕ್ಕಾಗಿ ದುಡಿಯುವ ವೈದ್ಯ ಸಾಮಾನ್ಯವಾಗಿ ನಿಮಗೆ ‘ಬೇಡ’ ಎನ್ನುವುದಿಲ್ಲ. ಕೇಳಿದ್ದೆಲ್ಲ ಕೊಡುತ್ತಾನೆ, ಕೇಳದ್ದನ್ನೂ ಕೊಡುತ್ತಾನೆ. ‘ಬೇಡ’ ಎಂದವನು ತನ್ನ ಗಲ್ಲೆಗೆ ಬರಬೇಕಾದ ಹಣವನ್ನು ನಿಮ್ಮ ಜೇಬಿನಲ್ಲೇ ಬಿಟ್ಟಿರುತ್ತಾನೆ.

ಸಿಗುವ ಸಂಬಳ

ಇಷ್ಟೆಲ್ಲ ಕಷ್ಟವಿದ್ದೂ ಈ ವೃತ್ತಿಯಲ್ಲಿ ಯಾಕಿದ್ದೀರಿ ಎಂದು ಕೇಳುವವರಿದ್ದಾರೆ. ಫೀಸು ಹೊಟ್ಟೆಗಾಯಿತು. ಮನಸ್ಸಿಗೆ ಸಿಗುವ ಸಂಬಳ ಬೇರೆ. ಕ್ಷಯದ ಮಾತ್ರೆ ಬಿಡಬೇಡ ಎಂದು ಗದರಿಸಿ ಕಳಿಸಿದ ಹುಡುಗಿ ಆರು ತಿಂಗಳು ಮುಗಿಸಿ, ಪಿಯುಸಿ ಪರೀಕ್ಷೆಯ ಹಾಲ್ ಟಿಕೆಟ್ ತೋರಿಸಲು ಬರುತ್ತಾಳೆ. ಅವಳನ್ನು ಗುಣಪಡಿಸಿದ್ದು ನನ್ನ ಮದ್ದಲ್ಲ, ಸರ್ಕಾರಿ ಆಸ್ಪತ್ರೆಯ ಮಾತ್ರೆ ಮತ್ತು ಅವಳ ಮನೆಗೆ ತಿಂಗಳೂ ತಪ್ಪದೆ ಹೋದ ಆಶಾ ಕಾರ್ಯಕರ್ತೆ. ಆದರೂ ಆ ಹಾಲ್ ಟಿಕೆಟ್ ನೋಡುವಾಗ ಆಗುವ ಸಂತೋಷದಲ್ಲಿ ನನಗೂ ಪಾಲಿದೆ. ಎದೆನೋವನ್ನು ಗ್ಯಾಸ್ ಎಂದುಕೊಂಡು ಬಂದವರನ್ನು ಚೂರ್ಣ ಕೊಡದೆ ನೇರ ಜಿಲ್ಲಾಸ್ಪತ್ರೆಗೆ ಅಟ್ಟಿದ್ದೆ. ಅವತ್ತು ಸಿಟ್ಟಿನಿಂದ ಹೋದವರು ತಿಂಗಳಾದ ಮೇಲೆ ಹೊಲದ ಹಸಿ ಶೇಂಗಾ ತಂದಿಟ್ಟು, ಹೆಚ್ಚೇನೂ ಮಾತಾಡದೆ ಹೋದರು. ಯಾರೂ ಚಪ್ಪಾಳೆ ತಟ್ಟದ ಇಂಥ ನಾಲ್ಕು ಘಟನೆ ವರ್ಷಕ್ಕೆ ಸಿಕ್ಕರೆ ವೈದ್ಯನೊಬ್ಬ ಇನ್ನೊಂದು ವರ್ಷ ನಡೆಯುತ್ತಾನೆ.

ಗೌರವಿಸುವುದು ಹೇಗೆ?

ಹಾರ, ಶಾಲು ಬೇಡ. ಇವಿಷ್ಟು ಸಾಕು.

ಮನೆಯಲ್ಲಿ ತಿನ್ನುತ್ತಿರುವ ಎಲ್ಲ ಮದ್ದುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಇಂಗ್ಲಿಷ್ ಮದ್ದು, ಆಯುರ್ವೇದ, ಯುನಾನಿ, ನೆರೆಮನೆಯವರು ಕೊಟ್ಟ ಪುಡಿ ಎಲ್ಲವನ್ನೂ. ಬೈಸಿಕೊಳ್ಳುವ ಭಯಕ್ಕೆ ಯಾವುದನ್ನೂ ಮುಚ್ಚಿಡಬೇಡಿ. ಅಲೋಪಥಿ ವೈದ್ಯರಿಗೂ ನೀವು ನಮ್ಮಲ್ಲಿಂದ ಪಡೆದ ಮದ್ದಿನ ಹೆಸರು ಹೇಳಿ.

ಹಳೆಯ ಚೀಟಿ, ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿಡಿ. ಅದು ವೈದ್ಯರ ಹತ್ತು ನಿಮಿಷವನ್ನೂ ನಿಮ್ಮ ನೂರಾರು ರೂಪಾಯಿಯನ್ನೂ ಉಳಿಸುತ್ತದೆ.

ಮದ್ದು ತಿಂದು ಗುಣವಾಗದಿದ್ದರೆ ಬೇರೆ ಕಡೆ ಹೋಗುವ ಮೊದಲು ಅದೇ ವೈದ್ಯರಿಗೆ ತಿಳಿಸಿ. ಗುಣವಾಗಿದ್ದರೂ ಒಂದು ಮಾತು ಹೇಳಿ. ಹೇಳದೆ ಹೋದರೆ ನಮಗೆ ಕಲಿಯಲು ದಾರಿಯಿಲ್ಲ.

ಒಳರೋಗಿಯಾದಾಗ ಮನೆಯಿಂದ ಒಬ್ಬರೇ ವೈದ್ಯರ ಜೊತೆ ಮಾತನಾಡಲಿ, ಉಳಿದವರು ಅವರನ್ನು ಕೇಳಲಿ. ನೋಡಲು ಹೋದವರು ಹತ್ತು ನಿಮಿಷ ಕೂತು, ದುಆ ಮಾಡಿ ಎದ್ದು ಬನ್ನಿ.

ತುರ್ತಿಲ್ಲದಿದ್ದರೆ ರಾತ್ರಿ ಫೋನ್ ಮಾಡಬೇಡಿ. ತುರ್ತಿದ್ದರೆ ಫೋನಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ.

ನರ್ಸ್, ಕಾಂಪೌಂಡರ್, ಆಯಾ, ಆಶಾ ಕಾರ್ಯಕರ್ತೆ ಇವರಿಗೂ ಒಂದು ಶುಕ್ರಿಯಾ ಇರಲಿ. ವೈದ್ಯನ ಹೆಸರಿನಲ್ಲಿ ನಡೆಯುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಅವರದು.

ಕೊನೆಗೊಂದು ವಿನಂತಿ. ನೀವು ಕೇಳಿದ್ದನ್ನು ಕೊಡದೆ ಕಳಿಸಿದ ವೈದ್ಯರು ಯಾರಾದರೂ ನಿಮ್ಮ ನೆನಪಿನಲ್ಲಿರಬಹುದು. ಸೂಜಿ ಹಾಕದವರು, ಬಾಟಲಿ ಏರಿಸದವರು, ‘ಆಪರೇಷನ್ ಬೇಕಿಲ್ಲ’ ಎಂದವರು, ಅಥವಾ ‘ಇವತ್ತೇ ಆಪರೇಷನ್ ಆಗಬೇಕು’ ಎಂದು ಹಠ ಹಿಡಿದವರು. ಅವತ್ತು ನಿಮಗೆ ಸಿಟ್ಟು ಬಂದಿರಬಹುದು. ಆ ‘ಬೇಡ’ದಿಂದ ನಿಮಗೆ ಒಳ್ಳೆಯದಾಗಿದ್ದರೆ, ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಒಳಗೆ ಹೋಗಿ ಹೇಳಿ. ಆ ಬೀದಿಯಲ್ಲಿ ಅವರ ನಂತರ ಬೋರ್ಡು ಹಾಕುವ ಯುವ ವೈದ್ಯರಿಗೂ ಅದು ಕೇಳಿಸುತ್ತದೆ.